ಆರ್ಡಿಸ್ ಹೊಲಿದ ಹೆಸರುಗಳು

ನಮ್ಮ ಹ್ಯಾಸ್ಟ್ರಪ್ ಊರಿನ ಒಳಾಂಗಣ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ‘ಕ್ರೇನ್ಸ್’ ಎಂದು ಹೆಸರಿಟ್ಟ ದಿನವೇ ನಾನು ಹೇಳಿದ್ದೆ, ಇದು ಒಂದು ಕಡೆ ನಿಲ್ಲುವವರ ಹೆಸರಲ್ಲ ಎಂದು. ಮಾರ್ಚಿನಲ್ಲಿ ಪ್ಲ್ಯಾಟ್ ನದಿಯ ಮರಳಿಗೆ ಇಳಿದು, ಹೊಲದಲ್ಲಿ ಉದುರಿದ ಜೋಳ ತಿಂದು, ಏಪ್ರಿಲ್ ಮುಗಿಯುವಷ್ಟರಲ್ಲಿ ಹಾರಿಹೋಗುವ ಕೊಕ್ಕರೆಗಳ ಹೆಸರು ಅದು. ಯಾರೂ ಕೇಳಲಿಲ್ಲ. ಕ್ರೀಡಾಂಗಣದ ನೆಲ ನೋಡಿಕೊಳ್ಳುವ ಈ ಮರ್ಲ್‌ನ ಮಾತನ್ನು ಯಾರು ಕೇಳುತ್ತಾರೆ? ಚಳಿಗಾಲ ಪೂರ್ತಿ ಐಸ್ ಹಾಕಿ ಆಟಕ್ಕೆ ಮಂಜುಗಡ್ಡೆ ಕಟ್ಟುವುದು, ವಸಂತ ಬಂದರೆ ಅದರ ಮೇಲೆ ಹಲಗೆ ಹಾಸಿ ಹದಿನಾಲ್ಕು ಸುರುಳಿ ಹಸಿರು ಕಾರ್ಪೆಟ್ ಬಿಚ್ಚುವುದು ನನ್ನ ಕೆಲಸ. ಆ ಕಾರ್ಪೆಟ್ಟಿನ ಮೇಲೆ ಎಂಟೆಂಟು ಜನ ದಾಂಡಿಗರು ಚೆಂಡನ್ನು ಎದೆಗವಚಿಕೊಂಡು ಓಡಿ, ಸುತ್ತ ಕಟ್ಟಿದ ಮೆತ್ತೆಗೋಡೆಗೆ ದಡ್ಡನೆ ಬಡಿದು ಬೀಳುತ್ತಾರೆ. ಜನ ಪಾಪ್‌ಕಾರ್ನ್ ತಿನ್ನುತ್ತ ನೋಡುತ್ತಾರೆ.

ಮೊದಲ ವರ್ಷ ಮಾಲೀಕರು ಹೊಗೆ ಬಿಡುವ ಯಂತ್ರ ತರಿಸಿದರು. ಆಟಗಾರರು ಹೊಗೆಯನ್ನು ಸೀಳಿಕೊಂಡು ಬರಬೇಕಂತೆ. ಸ್ನಾನ ಮಾಡಿ ಮೈ ಒರೆಸಿಕೊಳ್ಳಲು ಟವೆಲ್ ಮಾತ್ರ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಆಟಗಾರರೂ ಹಾಗೆಯೇ, ದೊಡ್ಡ ಲೀಗುಗಳ ಬಾಗಿಲು ತಟ್ಟಿ ವಾಪಸ್ಸಾದವರು. ಜಾರ್ಜಿಯಾ, ಟೆಕ್ಸಸ್, ಒಹಾಯೋ ಎಲ್ಲಿಂದಲೋ ಬಂದು, ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಒಂದು ಕೋಣೆಗೆ ನಾಲ್ಕು ಜನರಂತೆ ಇದ್ದು, ಎರಡು ಆಟ ಆಡಿ, ಕೋಚ್ ಬೇಡವೆಂದರೆ ಬಸ್ಸು ಹತ್ತುತ್ತಿದ್ದರು. ಇಪ್ಪತ್ತೊಂದು ಜನರ ತಂಡದಲ್ಲಿ ಮೊದಲ ವರ್ಷವೇ ಅರವತ್ತನಾಲ್ಕು ಜನ ಬಂದು ಹೋದರು. ಅಂಗಿಗಳು ಮಾತ್ರ ಅವೇ ಇಪ್ಪತ್ತೊಂದು.

ಆ ಅಂಗಿಗಳ ಬೆನ್ನಿಗೆ ಹೆಸರು ಹೊಲಿಯಲು ಕರೆದದ್ದು ಆರ್ಡಿಸ್ ಲೌರಿಟ್ಸನ್‌ಳನ್ನು.

ಆರ್ಡಿಸ್ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೂವತ್ತೊಂದು ವರ್ಷ ಧಾನ್ಯದ ಲಾರಿಗಳಿಗೆ ಟಾರ್ಪಾಲು ಹೊಲಿದು ನಿವೃತ್ತಳಾದವಳು. ಅಂಗೈ ಚಪ್ಪಟೆಯಾಗಿ, ಬೆರಳ ತುದಿ ಒರಟಾಗಿ ಹೋಗಿದ್ದವು. ಮಕ್ಕಳಿರಲಿಲ್ಲ. ಗಂಡ ವರ್ಲಿನ್ ಒಂದು ಸೆಪ್ಟೆಂಬರಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದ ಹಾಗೆಯೇ ತೀರಿಕೊಂಡ. ಸಾವಿನ ಮನೆಗೆ ನಮ್ಮ ಲೂಥರನ್ ಚರ್ಚಿನ ಹೆಂಗಸರು ಅಡುಗೆ ಕಳಿಸುವುದು ಪದ್ಧತಿ. ಗಾಜಿನ ಪಾತ್ರೆಯ ತಳಕ್ಕೆ ಒಂದು ಪಟ್ಟಿ ಅಂಟಿಸಿ ಅದರ ಮೇಲೆ ತಮ್ಮ ಹೆಸರು ಬರೆದಿರುತ್ತಾರೆ. ಹೆಸರಿದ್ದ ಪಾತ್ರೆ ಹೆಸರಿನವರ ಮನೆಗೆ ವಾಪಸ್ಸು ಹೋಗಲೇಬೇಕು. ಈ ಊರಲ್ಲಿ ಸಾಲ ತೀರಿಸದವನನ್ನು ಕ್ಷಮಿಸಿಯಾರು, ಪಾತ್ರೆ ತಿರುಗಿಸದವನನ್ನಲ್ಲ.

ವರ್ಲಿನ್ ಹೋದಾಗ ಹತ್ತೊಂಬತ್ತು ಪಾತ್ರೆ ಬಂದವು. ಆರ್ಡಿಸ್ ಒಂದೊಂದನ್ನೇ ತೊಳೆದು, ಒಂದೊಂದೇ ಮನೆಗೆ ಕೊಂಡುಹೋಗಿ ಕೊಟ್ಟಳು. ಹತ್ತೊಂಬತ್ತು ಮನೆ, ಹತ್ತೊಂಬತ್ತು ಬಾಗಿಲು, ಹತ್ತೊಂಬತ್ತು ಸಲ ಎರಡು ಮಾತು. ಕೊನೆಯ ಪಾತ್ರೆ ನನ್ನ ಹೆಂಡತಿಯದು. ಬಾಗಿಲಲ್ಲಿ ನಾನೇ ಈಸಿಕೊಂಡೆ. ಒಳಗೆ ಬಾ ಅನ್ನಲಿಲ್ಲ, ಟಿವಿಯಲ್ಲಿ ಯಾವುದೋ ಆಟ ನಡೆಯುತ್ತಿತ್ತು. ಆಮೇಲೆ ಆಕೆಯ ಮನೆಗೆ ಯಾರೂ ಹೋಗಲಿಲ್ಲ, ಆಕೆಗೆ ಯಾರ ಮನೆಗೆ ಹೋಗಲೂ ನೆಪ ಉಳಿಯಲಿಲ್ಲ. ಈ ಮಾತನ್ನು ಆಕೆಯೇ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. ದೂರುವ ದನಿಯಲ್ಲೇನಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಅಂಥವಳಿಗೆ ತಂಡ ಬಂದದ್ದು ಹಬ್ಬವಾಯಿತು. ಮೊದಲ ವರ್ಷ ಹೆಸರುಗಳನ್ನು ದಾರದಲ್ಲೇ ಹೊಲಿದಳು. ವಾರವಾರವೂ ಬ್ಲೇಡಿನಿಂದ ಬಿಚ್ಚಿ ಮತ್ತೆ ಹೊಲಿದು ಜೂನ್ ಹೊತ್ತಿಗೆ ಅಂಗಿಗಳ ಬೆನ್ನು ಜರಡಿಯಾಯಿತು. ಎರಡನೆಯ ವರ್ಷಕ್ಕೆ ಆಕೆಯೇ ಉಪಾಯ ಹುಡುಕಿದಳು. ಮಕ್ಕಳ ಶೂಗಳಲ್ಲಿ ಚರ್ರೆಂದು ಕಿತ್ತುಬರುವ ಅಂಟುಪಟ್ಟಿ ಇರುತ್ತದಲ್ಲ, ಅದನ್ನೇ ಪ್ರತಿ ಅಂಗಿಯ ಬೆನ್ನಿಗೆ ಹೊಲಿದು ಕೂರಿಸಿದಳು. ಹೆಸರುಗಳನ್ನು ಬೇರೆ ಪಟ್ಟಿಗಳ ಮೇಲೆ ಹೊಲಿದು ಅದಕ್ಕೆ ಅಂಟಿಸಿದಳು. ಒಬ್ಬ ಹೋದನೆ, ಚರ್ರ್. ಇನ್ನೊಬ್ಬ ಬಂದನೆ, ಒತ್ತಿದರೆ ಆಯಿತು. ಕಿತ್ತ ಹೆಸರುಗಳನ್ನು ಆಕೆ ಎಸೆಯುತ್ತಿರಲಿಲ್ಲ, ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದರಲ್ಲಿ ಸುರುಳಿ ಸುತ್ತಿ ಇಡುತ್ತಿದ್ದಳು.

ಕೋಚ್ ಬಡ್ ಗೆರ್ಕೆಗೆ ಇದು ಬಹಳ ಹಿಡಿಸಿತು. ಗೆರ್ಕೆ ಮೈದಾನದಲ್ಲಿ ಸಿಂಹ, ಆದರೆ ಒಬ್ಬನನ್ನು ಎದುರಿಗೆ ಕೂರಿಸಿಕೊಂಡು ‘ನೀನು ಬೇಡ’ ಎನ್ನಲು ಅವನಿಗೆ ಎದೆ ಇರಲಿಲ್ಲ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ಆರ್ಡಿಸ್‌ಳ ಕೈಗೆ ಒಂದು ಚೀಟಿ ಕೊಡುತ್ತಿದ್ದ. ಹೋಗುವವರ ಹೆಸರು ಎಡಕ್ಕೆ, ಬರುವವರ ಹೆಸರು ಬಲಕ್ಕೆ. ಮಧ್ಯಾಹ್ನ ಮೂರಕ್ಕೆ ಆಟಗಾರರು ಅಭ್ಯಾಸಕ್ಕೆ ಬಂದಾಗ ಗೂಟದ ಮೇಲೆ ತಮ್ಮ ಅಂಗಿ ನೋಡಿಕೊಳ್ಳುತ್ತಿದ್ದರು. ಬೆನ್ನು ಬೋಳಾಗಿದ್ದರೆ ಗಂಟು ಕಟ್ಟಬೇಕು. ಹೀಗಾಗಿ ಒಬ್ಬ ಮನುಷ್ಯನ ಹಣೆಬರಹ ಅವನಿಗಿಂತ ಐದು ಗಂಟೆ ಮೊದಲು ಆರ್ಡಿಸ್‌ಗೆ ಗೊತ್ತಿರುತ್ತಿತ್ತು.

ಆಕೆ ಡಬ್ಬಿ ಹಿಡಿದು ಬಟ್ಟೆ ಬದಲಿಸುವ ಕೋಣೆಯ ಕಡೆ ಬಂದರೆ ನಗುತ್ತಿದ್ದವರು ಮಾತು ನಿಲ್ಲಿಸುತ್ತಿದ್ದರು. ಆಕೆ ಅದನ್ನು ಮರ್ಯಾದೆ ಎಂದುಕೊಂಡಿದ್ದಳು. ಹಿಂದಿನಿಂದ ಅವರು ಆಕೆಯನ್ನು ಚರ್ರಜ್ಜಿ ಎನ್ನುತ್ತಿದ್ದರು.

ಮೂರನೆಯ ವರ್ಷ ಬಂದವನು ಓಡೆಲ್ ಪ್ರಿಜನ್. ಜಾರ್ಜಿಯಾದ ದಕ್ಷಿಣದವನು, ಕಪ್ಪಗೆ, ಬಾಗಿಲು ತುಂಬುವ ಆಳು, ಅಂಗಿಯ ಅಂಕಿ ಎಪ್ಪತ್ತೆರಡು. ಎದುರಾಳಿಯನ್ನು ತಡೆದು ನಿಲ್ಲಿಸುವುದು ಅವನ ಕೆಲಸ. ಇಪ್ಪತ್ತೊಂಬತ್ತು ವರ್ಷ ವಯಸ್ಸು, ಎಡ ಮಂಡಿ ಆಗಲೇ ಹೇಳಿದ ಮಾತು ಕೇಳುತ್ತಿರಲಿಲ್ಲ. ಬಂದ ವಾರವೇ ಅಂಗಿಯ ಕಂಕುಳು ಹರಿದುಕೊಂಡ. ಹೊಲಿಸಿಕೊಳ್ಳಲು ವಿಳಾಸ ಕೇಳಿಕೊಂಡು ಆರ್ಡಿಸ್ ಮನೆಗೆ ಹೋದ. ಹೋದಾಗ ಊಟದ ಹೊತ್ತು. ಆಕೆ ಹ್ಯಾಮ್ ಮತ್ತು ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ ಬಡಿಸಿದಳು. ಅವನು ತಿಂದ ರೀತಿ ನೋಡಿ, ಮುಂದಿನ ಮಂಗಳವಾರವೂ ಬಾ ಎಂದಳು.

ಅಲ್ಲಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಓಡೆಲ್ ಆ ಬಾಗಿಲಲ್ಲಿ. ಅವನ ಕಡೆಯವರು ಹಿರಿಯ ಹೆಂಗಸರನ್ನು ‘ಮಿಸ್’ ಸೇರಿಸಿ ಕರೆಯುತ್ತಾರೆ. ನಲವತ್ತು ವರ್ಷದಿಂದ ಆಕೆಯನ್ನು ಯಾರೂ ಹಾಗೆ ಕರೆದಿರಲಿಲ್ಲ. ಬಾಗಿಲಲ್ಲಿ ನಿಂತು ಅವನು ಕೇಳುತ್ತಿದ್ದ:

“ಮಿಸ್ ಆರ್ಡಿಸ್, ಇವತ್ತು ಚೀಟೀಲಿ ನಾನಿದ್ದೀನಾ?”

“ಇಲ್ಲ ಕಣೋ, ಕೈ ತೊಳ್ಕೋ.”

ಇಷ್ಟೇ. ವಾರವಾರವೂ ಇದೇ ಪ್ರಶ್ನೆ, ಇದೇ ಉತ್ತರ. ಕೈ ತೊಳೆದು ಬಂದು ಕುರ್ಚಿ ಕಿರುಗುಟ್ಟಿಸಿ ಕೂರುತ್ತಿದ್ದ. ಒಂದು ಸಲ ಪಾತ್ರೆ ತೊಳೆದುಕೊಡುವಾಗ ಅದರ ತಳದ ಪಟ್ಟಿ ನೋಡಿದ.

“ಇದೇನ್ ಮಿಸ್ ಆರ್ಡಿಸ್, ನಿಮ್ ಮನೇಲಿ ನಿಮ್ ಪಾತ್ರೆ ಯಾರ್ ಕದೀತಾರೆ ಅಂತ ಹೆಸ್ರು ಹಾಕಿದ್ದೀರ?”

“ಕದಿಯೋಕಲ್ವೋ ಪೆದ್ದ. ಬೇರೆ ಮನೆಗೆ ಹೋದ್ರೆ ತಿರುಗಿ ಬರ್ಲಿ ಅಂತ. ಹೆಸ್ರಿದ್ರೆ ಪಾತ್ರೆ ಮನೆಗೆ ಬರತ್ತೆ.”

“ಹಂಗಾದ್ರೆ ನಮ್ ಬೆನ್ ಮೇಲೂ ಹಾಕ್ತೀರಲ್ಲ, ನಾವ್ಯಾಕೆ ಮನೆ ಸೇರ್ತಿಲ್ಲ?” ಎಂದು ದೊಡ್ಡದಾಗಿ ನಕ್ಕ. ನಗುವ ಭರದಲ್ಲೇ ಚರ್ರಜ್ಜಿ ಎಂಬ ಹೆಸರನ್ನೂ ಬಾಯಿಬಿಟ್ಟ. “ನೀವು ಬಂದ್ರೆ ಎಲ್ರಿಗೂ ಹೊಟ್ಟೇಲಿ ಚಳಿ. ನಿಮಗೊತ್ತಿಲ್ವಾ?”

ಆರ್ಡಿಸ್ ಕೂಡ ನಕ್ಕಳು. ಆಮೇಲೆ ಒಂದೇ ಲೋಟವನ್ನು ಬಹಳ ಹೊತ್ತು ತೊಳೆದಳು. ಇಡೀ ತಂಡದಲ್ಲಿ ತನಗೆ ಇರುವವನು ಇವನೊಬ್ಬನೇ ಎಂದು ಆಕೆಗೆ ತಿಳಿದದ್ದು ಆಗ.

ಮೇ ತಿಂಗಳಲ್ಲಿ ಓಡೆಲ್ ಒಂದು ಬೇಡಿಕೆ ಇಟ್ಟ. “ನಂದೊಂದನ್ನ ದಾರದಲ್ಲೇ ಹೊಲಿದುಬಿಡಿ ಮಿಸ್ ಆರ್ಡಿಸ್. ನನ್ ಹೆಸ್ರನ್ನ ಯಾರೂ ಇವತ್ತಿನ್ ತನಕ ದಾರದಲ್ಲಿ ಹೊಲಿದಿಲ್ಲ. ಎಲ್ಲಿ ಹೋದ್ರೂ ಅಂಟಿಸೋದೇ.”

“ಕೋಚ್ ಬೈತಾನೆ.”

“ಕೋಚ್‌ಗೆ ಹೇಳೋರ್ಯಾರು?”

ಆಕೆ ಆಗಲ್ಲ ಎಂದಳು. ಎಂದವಳು ಮುಂದಿನ ಸೋಮವಾರ ಅವನ ಅಂಗಿಯನ್ನು ಮನೆಗೆ ತಂದು, ಲಾರಿಯ ಟಾರ್ಪಾಲಿಗೆ ಹಾಕುವ ಜೋಡಿ ದಾರದಲ್ಲಿ ಪಟ್ಟಿಯ ನಾಲ್ಕೂ ಅಂಚು ಹೊಲಿದಳು. ಬಿರುಗಾಳಿಗೂ ಕೀಳದ ಹೊಲಿಗೆ. ನಾಳೆ ಊಟಕ್ಕೆ ಬಂದಾಗ ತೋರಿಸಬೇಕು ಎಂದು ಕುರ್ಚಿಯ ಬೆನ್ನಿಗೆ ಹಾಕಿ ಇಟ್ಟಳು.

ಮಂಗಳವಾರ ಹತ್ತು ಗಂಟೆಗೆ ಚೀಟಿ ಬಂತು. ಎಡಗಡೆ ಒಂದೇ ಹೆಸರು ಇತ್ತು, ಪ್ರಿಜನ್. ಬಲಗಡೆ ಒಹಾಯೋದ ಯಾರೋ, ಅದೇ ಅಂಕಿ ಎಪ್ಪತ್ತೆರಡು. ಆಗ ನಾನು ಅಲ್ಲೇ ಕಾರ್ಪೆಟ್ಟಿನ ಸುರುಳಿ ಎಳೆಯುತ್ತಿದ್ದೆ. ಆಕೆ ಚೀಟಿ ಓದಿದಳು, ಮಡಿಸಿದಳು, ಮತ್ತೆ ಬಿಚ್ಚಿ ಓದಿದಳು.

“ಬಡ್, ಇವನ ಮಂಡಿ ಇನ್ನೊಂದ್ ವಾರಕ್ಕೆ ಸರಿ ಹೋಗತ್ತೆ.”

“ನೀನೇನ್ ಡಾಕ್ಟರಾ ಆರ್ಡಿಸ್? ಹೆಸ್ರು ಹೊಲಿ ಸಾಕು,” ಎಂದ ಗೆರ್ಕೆ. ಅವನೂ ಆಕೆಯ ಮುಖ ನೋಡಲಿಲ್ಲ.

ಮನೆಗೆ ಹೋಗಿ ಬ್ಲೇಡು ಹಿಡಿದು ಕೂತಳು. ತಾನೇ ಹಿಂದಿನ ದಿನ ಹಾಕಿದ ಹೊಲಿಗೆ, ಒಂದೂವರೆ ಗಂಟೆಯಾದರೂ ಬಿಚ್ಚಿ ಮುಗಿಯಲಿಲ್ಲ. ಕೊನೆಯ ಅಂಚು ಬಾಕಿ ಇದ್ದಾಗ ಬಾಗಿಲು ಬಡಿಯಿತು. ಅಂಗಿಯನ್ನು ಚೀಲಕ್ಕೆ ತುರುಕಿ ಮೇಜಿನ ಕೆಳಗೆ ತಳ್ಳಿದಳು.

“ಮಿಸ್ ಆರ್ಡಿಸ್, ಇವತ್ತು ಚೀಟೀಲಿ ನಾನಿದ್ದೀನಾ?”

“ಕೈ ತೊಳ್ಕೋ,” ಎಂದಳು ಆರ್ಡಿಸ್.

ಸುಳ್ಳು ಹೇಳಲಿಲ್ಲ. ‘ಇಲ್ಲ ಕಣೋ’ ಎಂಬುದನ್ನು ಮಾತ್ರ ಬಿಟ್ಟಳು. ಓಡೆಲ್‌ಗೆ ಗೊತ್ತಾಗಲಿಲ್ಲ. ಕೈ ತೊಳೆದು ಬಂದು ಕೂತ. ತನ್ನ ಅಕ್ಕನ ಮಗಳ ಹಲ್ಲು ಬಿದ್ದ ಕತೆ ಹೇಳಿದ. ಆಕೆಗೆ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಈ ಊಟ ಅಲ್ಲಿಗೇ ಮುಗಿಯುತ್ತದೆ. ಹೇಳದಿದ್ದರೆ ಇನ್ನೊಂದು ಅರ್ಧ ಗಂಟೆ ಎದುರಿನ ಕುರ್ಚಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಆಕೆ ಅರ್ಧ ಗಂಟೆಯನ್ನು ಆರಿಸಿಕೊಂಡಳು. ಅವನ ಕಾಲು ಮೇಜಿನ ಕೆಳಗಿನ ಚೀಲಕ್ಕೆ ತಗುಲಿದಾಗೆಲ್ಲ ಆಕೆ ಎದ್ದು ಏನಾದರೂ ಬಡಿಸುತ್ತಿದ್ದಳು.

ಅವನು ಎದ್ದು ಹೋದ ಮೇಲೆ ಕೊನೆಯ ಅಂಚು ಬಿಚ್ಚಿ, ಹೊಸ ಹೆಸರು ಅಂಟಿಸಿ ಅಂಗಿಯನ್ನು ಗೂಟಕ್ಕೆ ಹಾಕಿಬಂದಳು. ಮೂರು ಗಂಟೆಗೆ ಅವನು ಕ್ರೀಡಾಂಗಣಕ್ಕೆ ಬಂದ. ಗೂಟದ ಮೇಲೆ ಎಪ್ಪತ್ತೆರಡು, ಒಹಾಯೋದವನ ಹೆಸರು. ಹೊರಗೆ ಬಂದು ನನ್ನ ಸುರುಳಿಯ ಮೇಲೆ ಕೂತ. ನಾನು ಕೆಲಸ ನಿಲ್ಲಿಸಿದೆ. ಅವನೇ ಹೇಳಿದ:

“ಆಲೂಗಡ್ಡೆ ಮೂರು ಸಲ ಬಡಿಸಿದ್ರು ಮರ್ಲ್. ಆಗ್ಲೇ ತಿಳ್ಕೋಬೇಕಿತ್ತು ನಾನು.”

ಅವನಿಗೆ ಕೆಲಸ ಹೋದದ್ದಕ್ಕಿಂತ ಆಕೆ ಗೊತ್ತಿದ್ದೂ ಹೇಳಲಿಲ್ಲವೆಂಬುದೇ ಹೆಚ್ಚು ನೋಯುತ್ತಿತ್ತು. ಐದೂವರೆಯ ಬಸ್ಸಿಗೆ ಹೋದ. ಆರ್ಡಿಸ್ ಆ ಹೆಸರಿನ ಪಟ್ಟಿ ಕೈಯಲ್ಲಿ ಹಿಡಿದು ಪೆಟ್ರೋಲ್ ಬಂಕಿನ ಬಸ್ ನಿಲ್ದಾಣಕ್ಕೆ ಆರಕ್ಕೆ ಬಂದಳು. ಅರ್ಧ ಗಂಟೆ ತಡ. ಆ ಅರ್ಧ ಗಂಟೆ ಮನೆಯಲ್ಲಿ ಕೂತು ಏನು ಹೇಳಲಿ ಎಂದು ಯೋಚಿಸುತ್ತಿದ್ದಳಂತೆ.

ಮುಂದಿನ ಮಂಗಳವಾರದಿಂದ ಆಕೆ ಪದ್ಧತಿ ಬದಲಿಸಿದಳು. ಚೀಟಿ ಸಿಕ್ಕ ಕೂಡಲೇ ನೇರ ಮೋಟೆಲಿಗೆ ಹೋಗಿ, ಯಾರ ಹೆಸರಿದೆಯೋ ಅವರ ಬಾಗಿಲು ತಟ್ಟಿ, ಅವರ ಪಟ್ಟಿಯನ್ನು ಅವರ ಕೈಗೇ ಕೊಟ್ಟು ಬಾಯಿಬಿಟ್ಟು ಹೇಳುತ್ತಿದ್ದಳು: “ಇವತ್ತು ನಿನ್ನ ಹೆಸರು ಬಂದಿದೆ. ಬಸ್ಸು ಐದೂವರೆಗೆ.” ಬೈಸಿಕೊಂಡಳು. ಒಬ್ಬ ಮುಖಕ್ಕೆ ಬಾಗಿಲು ಹಾಕಿದ. ಒಬ್ಬ ಅವಳ ಭುಜಕ್ಕೆ ತಲೆ ಇಟ್ಟು ಅತ್ತ. ಗೆರ್ಕೆಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

“ನಿನಗ್ಯಾಕೆ ಈ ಉಸಾಬರಿ?” ಎಂದು ನಾನು ಕೇಳಿದೆ. “ಇಷ್ಟ್ ದಿನ ಬರೀ ಹೆದರ್ತಿದ್ರು. ಈಗ ನಿನ್ನ ಕಂಡ್ರೆ ಆಗೋದಿಲ್ಲ.”

“ಆಗದಿದ್ರೆ ಬೇಡ ಬಿಡು,” ಎಂದಳು. “ಊಟ ಹಾಕಿ ಮೋಸ ಮಾಡ್ದಂಗಾಗಲ್ವಲ್ಲ.”

ಆ ಮೇಲೆ ಆಕೆಯ ಮೇಜಿಗೆ ಯಾರೂ ಬರಲಿಲ್ಲ. ಆಕೆಯೂ ಯಾರನ್ನೂ ಕರೆಯಲಿಲ್ಲ. ಮಂಗಳವಾರದ ಊಟ ನಿಂತುಹೋಯಿತು. ಡಬ್ಬಿಯಲ್ಲಿ ಹಳೆಯ ಹೆಸರುಗಳ ಮೇಲೆ ಹೊಸದು ಬೀಳಲಿಲ್ಲ, ಎಲ್ಲರೂ ತಂತಮ್ಮ ಹೆಸರು ತಾವೇ ಒಯ್ದರು. ಮೇಲುಗಡೆ ಓಡೆಲ್‌ನ ಪಟ್ಟಿ ಒಂದೇ, ಅಂಚಿನಲ್ಲಿ ತುಂಡು ದಾರಗಳ ಸಮೇತ.

ಐದನೆಯ ವರ್ಷ, ಏಪ್ರಿಲ್ ಕೊನೆಯ ಭಾನುವಾರ, ಕ್ಯಾನ್ಸಸ್‌ನಿಂದ ಬಂದ ತಂಡದ ಪಟ್ಟಿಯಲ್ಲಿ ಅವನ ಹೆಸರಿತ್ತು. ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲಿ ನಾನೇ ಮೊದಲು ನೋಡಿ ಆಕೆಗೆ ಫೋನು ಮಾಡಿದೆ. ಆಟ ಎರಡು ಗಂಟೆಗೆ. ಒಂದಕ್ಕೆ ಆರ್ಡಿಸ್ ಬಂದಳು. ಟವೆಲಿನಲ್ಲಿ ಸುತ್ತಿದ ಗಾಜಿನ ಪಾತ್ರೆ ಎರಡೂ ಕೈಯಲ್ಲಿ, ಅದರ ಮೇಲೆ ಓಡೆಲ್‌ನ ಹೆಸರಿನ ಆ ಪಟ್ಟಿ. ಎದುರು ತಂಡದವರು ಓಡಾಡುವ ಓಣಿಯಲ್ಲಿ ಗೋಡೆಗೆ ಒರಗಿ ನಿಂತಳು. ನಾನು ಪಾತ್ರೆ ಹಿಡಿದುಕೊಳ್ಳುತ್ತೇನೆ ಎಂದರೂ ಕೊಡಲಿಲ್ಲ.

ಓಡೆಲ್ ಮಂಡಿಗೆ ಪಟ್ಟಿ ಸುತ್ತಿಕೊಂಡು, ತಲೆ ಬಗ್ಗಿಸಿ ಬಂದ. ತಲೆ ಎತ್ತಿದವನು ಮೊದಲು ಕಂಡದ್ದು ಆಕೆಯ ಕೈಯಲ್ಲಿದ್ದ ತನ್ನ ಹೆಸರನ್ನು. ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದ. ಅವನು ಈಗ ಬೇರೆ ತಂಡದವನು, ಅವಳ ಚೀಟಿಗೆ ಅವನ ಮೇಲೆ ಯಾವ ಅಧಿಕಾರವೂ ಇಲ್ಲ, ಆದರೂ ಸರಿದ. ಆರ್ಡಿಸ್ ಅದನ್ನು ನೋಡಿದಳು. ಆ ಮುಖವನ್ನು ನಾನು ಮರೆಯಲಾರೆ.

ಅವನಿಗೂ ನಾಚಿಕೆಯಾಯಿತು. ಹಿಂದೆ ಸರಿದ ಹೆಜ್ಜೆಯನ್ನು ಮತ್ತೆ ಮುಂದಿಟ್ಟು ಕೇಳಿದ:

“ಮಿಸ್ ಆರ್ಡಿಸ್, ಇವತ್ತು ಚೀಟೀಲಿ ನಾನಿದ್ದೀನಾ?”

“ಇಲ್ಲ ಕಣೋ,” ಎಂದಳು. “ಇಲ್ಲ ಕಣೋ. ಇಲ್ಲ.” ಎರಡು ವರ್ಷ ಬಾಕಿ ಉಳಿದ ಮಾತು ಅದು. ‘ಕೈ ತೊಳ್ಕೋ’ ಎನ್ನಲು ಮಾತ್ರ ಆಕೆಗೆ ಆಗಲಿಲ್ಲ.

ಆಟಕ್ಕೆ ಮೊದಲು ತಿನ್ನುವ ಹಾಗಿಲ್ಲ, ಆಟ ಮುಗಿದ ಕೂಡಲೇ ಬಸ್ಸು. ಅವನು ಪಾತ್ರೆಯನ್ನೂ ಪಟ್ಟಿಯನ್ನೂ ಈಸಿಕೊಂಡ. ಪಾತ್ರೆಯನ್ನು ಮೇಲೆತ್ತಿ ತಳ ನೋಡಿದ. ಅಲ್ಲಿ ‘ಎ. ಲೌರಿಟ್ಸನ್’ ಎಂದು ಬರೆದ ಪಟ್ಟಿ ಇತ್ತು.

“ಹೆಸ್ರಿದೆ,” ಎಂದ. “ಹಂಗಾದ್ರೆ ಮನೆಗೆ ಬರತ್ತೆ.”

ಅವತ್ತು ಯಾರು ಗೆದ್ದರೋ ನನಗೆ ನೆನಪಿಲ್ಲ. ಆರ್ಡಿಸ್ ಎಂದೂ ಕೂರದವಳು ಮೊದಲ ಸಾಲಿನಲ್ಲಿ ಮೆತ್ತೆಗೋಡೆಯ ಪಕ್ಕ ಕೂತು, ಓಡೆಲ್ ತನ್ನ ಹತ್ತಿರ ಬಂದು ಬಡಿದಾಗೆಲ್ಲ ಗೋಡೆಯ ಮೇಲೆ ಕೈ ಇಡುತ್ತಿದ್ದಳು.

ಜೂನ್‌ನಲ್ಲಿ ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು. ಪಾತ್ರೆ ಹಳೆಯ ಪತ್ರಿಕೆಗಳಲ್ಲಿ ಸುತ್ತಿ, ಫಳಫಳ ತೊಳೆದು ಬಂದಿತ್ತು. ಚೀಟಿ ಇಲ್ಲ, ಕಳಿಸಿದವರ ವಿಳಾಸವಿಲ್ಲ, ಅಂಚೆ ಮುದ್ರೆ ಒಕ್ಲಹೋಮದ ಯಾವುದೋ ಊರಿನದು. ಆಕೆಯ ಕಡೆಯಿಂದ ನಾನು ಕ್ಯಾನ್ಸಸ್‌ನವರಿಗೆ ಫೋನು ಮಾಡಿದೆ. ಪ್ರಿಜನ್‌ನನ್ನು ಮೇ ತಿಂಗಳಲ್ಲೇ ಬಿಟ್ಟರಂತೆ, ಎಲ್ಲಿ ಹೋದನೋ ಗೊತ್ತಿಲ್ಲವಂತೆ.

ಪಾತ್ರೆಯ ತಳದಲ್ಲಿ ಆರ್ಡಿಸ್‌ಳ ಹೆಸರನ್ನು ಕೆರೆದು ತೆಗೆದು, ಆ ಜಾಗದಲ್ಲಿ ಅಂಗಿಯ ಪಟ್ಟಿಯನ್ನೇ ಗೋಂದು ಹಾಕಿ ಅಂಟಿಸಿದ್ದ. ಪ್ರಿಜನ್. ಪಾತ್ರೆಯ ಉದ್ದಕ್ಕೆ ಸರಿಯಾಗಿ ಕೂತಿತ್ತು, ಅಂಚಿನ ತುಂಡು ದಾರಗಳು ಹಾಗೇ ಇದ್ದವು.

ಆರನೆಯ ವರ್ಷದಿಂದ ಹೊಸ ಮಾಲೀಕರು ಬೆನ್ನ ಮೇಲೆ ಹೆಸರೇ ಬೇಡ, ಅಂಕಿ ಸಾಕು ಎಂದರು. ಆರ್ಡಿಸ್‌ಳ ಕೆಲಸ ಹೋಯಿತು. ನಾನೀಗ ಆಗಾಗ ಆಕೆಯ ಮನೆಗೆ ಹೋಗುತ್ತೇನೆ, ಇಷ್ಟು ತಡವಾಗಿಯಾದರೂ. ಆ ಪಾತ್ರೆ ಬಾಗಿಲ ಪಕ್ಕದ ಹಲಗೆಯ ಮೇಲೆ ಮಗುಚಿ ಇರುತ್ತದೆ, ಹೆಸರು ಮೇಲಕ್ಕೆ. ಒಂದು ದಿನ ಕೇಳಿದೆ:

“ಇದ್ರಲ್ಲಿ ಏನೂ ಮಾಡೋದಿಲ್ವಾ ಆರ್ಡಿಸ್?”

“ಬೇರೆಯವರ ಪಾತ್ರೇಲಿ ಹೆಂಗ್ ಮಾಡ್ಲಿ ಮರ್ಲ್? ಹೆಸ್ರು ಕಾಣಲ್ವಾ? ನಾನ್ ಕೊಂಡೋಗ್ ಕೊಡ್ಬೇಕು. ವಿಳಾಸ ಗೊತ್ತಿಲ್ಲ. ಅವನೇ ಬಂದು ತಗೊಂಡ್ ಹೋಗ್ಬೇಕು.”

ಈಗ ಚೀಟಿಯಿಲ್ಲ, ಕಾಯುವ ತಂಡವೂ ಇಲ್ಲ. ಆದರೂ ಮಂಗಳವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆರ್ಡಿಸ್ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.